ನಳಿಕೆ ತೆಗೆದ ಶುಕ್ರವಾರ

ಸೆಪ್ಟೆಂಬರ್ 2, ಸೋಮವಾರ

ಈ ಸಲ ಮೂವರು ಬಂದಿದ್ದಾರೆ. ಪ್ರತಿ ವರ್ಷ ಕಾಲೇಜಿನವರು ಫಾರ್ಮಸಿಯ ಕೊನೆಯ ವರ್ಷದ ಮಕ್ಕಳನ್ನು ನನಗೆ ಒಪ್ಪಿಸಿ ಕೈತೊಳೆದುಕೊಳ್ಳುತ್ತಾರೆ. ಪುಸ್ತಕದೊಳಗಿನ ಔಷಧಿ ಹಾಸಿಗೆಯ ಮೇಲಿನ ಮನುಷ್ಯನ ಹೊಟ್ಟೆಗೆ ಹೋದರೆ ಏನೇನು ಆಟ ಆಡುತ್ತದೆ ಎಂದು ನಾನು ವಾರ್ಡಿನಲ್ಲಿ ನಿಲ್ಲಿಸಿ ತೋರಿಸಬೇಕು. ಒಬ್ಬ ಬಂದ ಗಳಿಗೆಯಿಂದ ಆಕಳಿಸುತ್ತಿದ್ದಾನೆ. ಇನ್ನೊಬ್ಬ ಎಲ್ಲಿ ನಿಂತರೂ ಗೋಡೆಗೆ ಒರಗುತ್ತಾನೆ. ಆಕಳಿಕೆ, ಗೋಡೆ ಎಂದು ಮನಸ್ಸಿನಲ್ಲೇ ಹೆಸರಿಟ್ಟಾಯಿತು. ಮೂರನೆಯವಳು ಹುಡುಗಿ. ಕೋಟಿನ ಜೇಬಿನಲ್ಲಿ ಬಣ್ಣಬಣ್ಣದ ಪೆನ್ನು, ನಾನು ಮಾತು ಮುಗಿಸುವ ಮೊದಲೇ ತಲೆಯಾಡಿಸುವ ಚಾಳಿ. ಇವಳಿಗೆ ಚುರುಕಮ್ಮ ಎಂದಿಟ್ಟೆ.

ರೌಂಡ್ಸಿನಲ್ಲಿ ಎಲ್ಲಿ ನಿಲ್ಲಬೇಕು ಎಂಬುದೇ ಮೊದಲ ಪಾಠ. ದೊಡ್ಡ ಡಾಕ್ಟರು ರೋಗಿಯ ತಲೆಯ ಬಳಿ, ಕಿರಿಯ ಡಾಕ್ಟರುಗಳು ಅವರ ಸುತ್ತ, ಹೆಡ್ ನರ್ಸ್ ಆಚೆ ಬದಿ, ನಾವು ಹಾಸಿಗೆಯ ಕಾಲ ಕಡೆ. ಕಾಲ ಕಡೆ ಎಂದಾಗ ಗೋಡೆ ನಕ್ಕ. ನಗಲಿ. ನಾನು ಕೆಲಸಕ್ಕೆ ಸೇರಿದಾಗ ಫಾರ್ಮಸಿಸ್ಟ್ ಎಂದರೆ ನೆಲಮಹಡಿಯ ಕಿಟಕಿಯ ಹಿಂದೆ ಕೂತು ಮಾತ್ರೆ ಎಣಿಸಿ ಕೊಡುವವಳು. ಆ ಕಿಟಕಿಯಿಂದ ಈ ಹಾಸಿಗೆಯ ಕಾಲ ಕಡೆಗೆ ಬರಲು ನನಗೆ ವರ್ಷಗಟ್ಟಲೆ ಹಿಡಿಯಿತು. ಇಡೀ ಆಸ್ಪತ್ರೆಯಲ್ಲಿ ನನ್ನದು ಎಂದು ಹೇಳಿಕೊಳ್ಳುವ ಜಾಗ ಅದೊಂದೇ. ಅಷ್ಟಾದರೂ ದೊಡ್ಡ ಡಾಕ್ಟರು ತಾವಾಗಿ ನನ್ನನ್ನು ಒಂದು ಮಾತು ಕೇಳಿದವರಲ್ಲ. ನಾನು ಚೀಟಿ ಬರೆದು ಕಿರಿಯ ಡಾಕ್ಟರ ಕೈಗೆ ಕೊಡುತ್ತೇನೆ, ಅವರು ಅದನ್ನು ತಮ್ಮ ಮಾತಾಗಿ ಹೇಳುತ್ತಾರೆ, ರೋಗಿಗೆ ಒಳ್ಳೆಯದಾಗುತ್ತದೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಮದ್ದಿನವಳೇ ಹಿತ್ತಲ ಗಿಡವಾದರೆ ಹೀಗಾಗುತ್ತದೆ.

ಸೆಪ್ಟೆಂಬರ್ 5, ಗುರುವಾರ

ರೋಗಿ ಮನೆಯಲ್ಲಿ ಯಾವ ಯಾವ ಔಷಧಿ ತೆಗೆದುಕೊಳ್ಳುತ್ತಿದ್ದ ಎಂದು ವಿಚಾರಿಸುವುದು ಇವತ್ತಿನ ಪಾಠ. ಒಬ್ಬೊಬ್ಬರಿಗೆ ಒಬ್ಬೊಬ್ಬ ರೋಗಿಯನ್ನು ಹಂಚಿದೆ. ಇನ್ನು ಮುಂದೆ ಆ ರೋಗಿಯ ಔಷಧಿಯ ಹಿಂದೆ ಮುಂದೆ ಎಲ್ಲ ಅವರೇ ದಿನವೂ ನೋಡಬೇಕು.

ಚುರುಕಮ್ಮನಿಗೆ ಕಿಟಕಿಯ ಪಕ್ಕದ ಟೈಲರ್. ಅಂಗಡಿಯ ಬೋರ್ಡು ಸರಿಮಾಡಲು ಏಣಿ ಹತ್ತಿ ಬಿದ್ದು ತಲೆಯೊಳಗೆ ರಕ್ತ ಕಟ್ಟಿದೆ. ಸದಾ ಮಂಪರು. ನುಂಗಲು ಆಗುವುದಿಲ್ಲ, ಮೂಗಿಗೆ ಹಾಕಿದ ನಳಿಕೆಯಲ್ಲಿ ಹಾಲಿನಂಥ ಆಹಾರ ದಿನವಿಡೀ ತೊಟ್ಟಿಕ್ಕುತ್ತದೆ. ಫಿಟ್ಸ್ ಬರುವುದರಿಂದ ಅದಕ್ಕೊಂದು ಔಷಧಿ, ಅದೂ ನಳಿಕೆಯಲ್ಲೇ. ಅವರ ಹೆಂಡತಿ ಪಕ್ಕದ ಸ್ಟೂಲು ಬಿಟ್ಟು ಏಳುವುದೇ ಇಲ್ಲ. ಆಕೆಯನ್ನು ನಾನು ಆಗಲೇ ಎರಡು ಸಲ ಕೇಳಿದ್ದೆ. ಮನೆಯಲ್ಲಿ ಯಾವ ಔಷಧಿಯೂ ಇಲ್ಲ ಎಂದಿದ್ದರು.

ಚುರುಕಮ್ಮ ಹೋಗಿ ಸ್ಟೂಲಿನ ಪಕ್ಕ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತಳು. ಹೊಲಿಗೆ ಯಂತ್ರದ ಬಗ್ಗೆ ಕೇಳಿದಳು, ಕತ್ತರಿ ಸಾಣೆ ಹಿಡಿಸುವುದರ ಬಗ್ಗೆ ಕೇಳಿದಳು. ಬಗ್ಗಿ ಬಗ್ಗಿ ಹೊಲಿದು ಬೆನ್ನುನೋವು ಬರುವುದಿಲ್ಲವೇ ಎಂದಳು. ಅಲ್ಲಿಂದ ಹೊರಬಿತ್ತು: ಬೆನ್ನಿಗೆಂದು ವರ್ಷಗಳಿಂದ ಅಂಗಡಿಯಿಂದ ತಂದು ನುಂಗುತ್ತಿದ್ದ ನೋವಿನ ಮಾತ್ರೆ. ತಲೆಯೊಳಗೆ ಅಷ್ಟು ರಕ್ತ ಸೋರಲು ಅದೂ ಒಂದು ಕಾರಣ. ನನಗೇಕೆ ಹೇಳಲಿಲ್ಲ ಎಂದು ಆಕೆಯನ್ನು ಕೇಳಿದೆ.

"ನೀವು ನಿಂತ್ಕೊಂಡು ಕೇಳಿದ್ರಲ್ಲ ಮೇಡಮ್, ಏನೋ ಅವಸರದಲ್ಲಿದ್ದೀರಿ ಅಂದ್ಕೊಂಡೆ."

ಚುರುಕಮ್ಮನಿಗೆ ಭೇಷ್ ಎನ್ನಬೇಕಿತ್ತು. ಕೋಟಿನ ಅಂಚು ನೆಲಕ್ಕೆ ತಾಗಿಸಬೇಡ, ಇದು ಆಸ್ಪತ್ರೆ ಎಂದು ಗದರಿ ಬಂದೆ.

ಸೆಪ್ಟೆಂಬರ್ 10, ಮಂಗಳವಾರ

ಟೈಲರಿಗೆ ಬೆಳಿಗ್ಗೆ ಮತ್ತೆ ಫಿಟ್ಸ್. ಔಷಧಿ ಪೂರ್ತಿ ಕೊಡುತ್ತಿದ್ದರೂ ರಕ್ತದಲ್ಲಿ ಅದರ ಮಟ್ಟ ತಳ ಸೇರಿದೆ. ನೋಡಿದ ಕೂಡಲೇ ನನಗೆ ಹೊಳೆಯಿತು. ನಳಿಕೆಯ ಆಹಾರ ಈ ಔಷಧಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ರಕ್ತಕ್ಕೆ ಸೇರಲು ಬಿಡುವುದಿಲ್ಲ. ಕಾರಿಡಾರಿನಲ್ಲಿ ಮೂವರಿಗೂ ವಿವರಿಸಿದೆ. ಆಕಳಿಕೆ ಆಕಳಿಸಿದ. ಚುರುಕಮ್ಮ ಹಸಿರು ಪೆನ್ನಿನಲ್ಲಿ ಬರೆದುಕೊಂಡಳು. ನಾನು ಎಂದಿನಂತೆ ಚೀಟಿ ಬರೆದು ಕಿರಿಯ ಡಾಕ್ಟರಿಗೆ ಕೊಟ್ಟೆ. ಅವರು ಅದನ್ನು ಜೇಬಿಗೆ ಹಾಕಿಕೊಂಡು ಊಟಕ್ಕೆ ಹೋದರು.

ಸೆಪ್ಟೆಂಬರ್ 11, ಬುಧವಾರ

ಬರೆಯಲೇಬೇಕು, ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ.

ರೌಂಡ್ಸಿನಲ್ಲಿ ದೊಡ್ಡ ಡಾಕ್ಟರು ಟೈಲರ ಹಾಸಿಗೆಯ ಬಳಿ ನಿಂತು, ಈ ಔಷಧಿ ಹತ್ತುತ್ತಿಲ್ಲ, ಇನ್ನೊಂದು ಸೇರಿಸೋಣ ಎಂದರು. ಕಿರಿಯ ಡಾಕ್ಟರು ಜೇಬು ಮುಟ್ಟಿ ನೋಡಿಕೊಂಡರು. ನನ್ನ ಚೀಟಿ ಅಲ್ಲಿರಲಿಲ್ಲ, ನಿನ್ನೆಯ ಕೋಟಿನ ಜೊತೆ ಅಗಸರ ಮನೆ ಸೇರಿತ್ತು. ನಾನು ಗಂಟಲು ಸರಿಮಾಡಿಕೊಂಡೆ. ಇಷ್ಟು ವರ್ಷದಿಂದ ನಾನು ಮಾಡುತ್ತಿರುವುದು ಅದೇ, ಗಂಟಲು ಸರಿಮಾಡಿಕೊಳ್ಳುವುದು.

"ಸರ್, ಔಷಧಿ ಸಾಲ್ತಿಲ್ಲ ಅಂತಲ್ಲ. ಅದು ರಕ್ತಕ್ಕೆ ಹೋಗ್ತಾನೇ ಇಲ್ಲ" ಎಂದಳು ಚುರುಕಮ್ಮ. ನನ್ನ ಪಕ್ಕದಿಂದ, ಹಾಸಿಗೆಯ ಕಾಲ ಕಡೆಯಿಂದ, ವಾರ್ಡಿನ ಆಚೆ ತುದಿಗೆ ಕೇಳುವ ಹಾಗೆ. ನಾನು ಕಾರಿಡಾರಿನಲ್ಲಿ ಹೇಳಿದ್ದನ್ನು ನನಗಿಂತ ಚೊಕ್ಕವಾಗಿ ಹೇಳಿದಳು. ಇದನ್ನು ಯಾರು ಹೇಳಿಕೊಟ್ಟರು ಎಂದು ದೊಡ್ಡ ಡಾಕ್ಟರು ಕೇಳಿದರು. ನಮ್ಮ ಮೇಡಮ್ ಎಂದಳು. ಹೇಳಿದಳು, ಸುಳ್ಳು ಬರೆಯಬಾರದು. ಆದರೆ ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ಅವಳ ಕಡೆ ಬೆರಳು ತೋರಿಸಿ ಗುಡ್ ಎಂದು ಫೋನೆತ್ತಿದರು. ಮೇಡಮ್ ಎಂಬ ಮಾತು ಗಾಳಿಗೆ ಹೋಯಿತು. ನಾನು ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ.

ಟೈಲರು ಬಡಕಲಾಗಿದ್ದಾರೆ, ಔಷಧಿಗಾಗಿ ಆಹಾರ ನಿಲ್ಲಿಸುವಂತಿಲ್ಲ. ಹಾಗಾಗಿ ನಳಿಕೆ ಇರುವಷ್ಟು ದಿನ ಔಷಧಿಯ ಪ್ರಮಾಣ ಏರಿಸುವುದೆಂದು ತೀರ್ಮಾನವಾಯಿತು. ಆಮೇಲೆ ಚುರುಕಮ್ಮ ಹಿಂದೆಯೇ ಬಂದು, ಈ ವಿಷಯದಲ್ಲಿ ಇನ್ನೇನಾದರೂ ಗಮನಿಸಬೇಕೇ ಎಂದು ಕೇಳಿದಳು. ಇದೆ. ಇರುವುದೇ ಅದು. ನಳಿಕೆ ತೆಗೆದ ದಿನ ಹಿಡಿದಿಡುವುದು ತಪ್ಪಿ ಔಷಧಿಯೆಲ್ಲ ನೇರ ರಕ್ತಕ್ಕೆ ಇಳಿಯುತ್ತದೆ, ಏರಿಸಿದ್ದನ್ನು ಅವತ್ತೇ ಇಳಿಸಬೇಕು. ಅದನ್ನು ಹೇಳದೆ, ಪುಸ್ತಕ ನೋಡಿಕೋ ಎಂದೆ.

ಸೆಪ್ಟೆಂಬರ್ 13, ಶುಕ್ರವಾರ

ಫಿಟ್ಸ್ ನಿಂತಿದೆ. ಮಟ್ಟ ಸರಿಯಾಗಿದೆ. ಟೈಲರು ಕಣ್ಣುಬಿಟ್ಟು ಹೆಂಡತಿಯನ್ನು ಗುರುತಿಸಿದರಂತೆ. ವಾರ್ಡಿಗೆ ವಾರ್ಡೇ ಚುರುಕಮ್ಮನ ಜಪ. ದೊಡ್ಡ ಡಾಕ್ಟರು ಬಾಗಿಲಿನಿಂದಲೇ, ಎಲ್ಲಿ ಆ ಹುಡುಗಿ ಎಂದು ಕೇಳಿಕೊಂಡು ಬರುತ್ತಾರೆ. ನಾನು ಆ ಬಾಗಿಲಲ್ಲೇ ನಿಂತಿದ್ದೆ. ಸ್ವಲ್ಪ ಸರಿಯಿರಿ ಎಂದರು, ದಾರಿಗೆ.

ಹೌದು, ಹೊಟ್ಟೆಕಿಚ್ಚು. ಯಾರೂ ಓದದ ಪುಸ್ತಕದಲ್ಲಿ ಸುಳ್ಳು ಬರೆದು ಯಾರನ್ನು ಉದ್ಧಾರ ಮಾಡಬೇಕಾಗಿದೆ? ಅವಳ ಗಟ್ಟಿ ದನಿಯ ಮೇಲೆ ಹೊಟ್ಟೆಕಿಚ್ಚು. ನೆಲದ ಮೇಲೆ ಕೂತರೂ ನೋಯದ ಮಂಡಿಯ ಮೇಲೆ ಹೊಟ್ಟೆಕಿಚ್ಚು. ತಪ್ಪಾದರೆ ಏನಾಗುತ್ತದೋ ಎಂಬ ಭಯವೇ ಇಲ್ಲದೆ ಬಾಯಿ ಬಿಡುತ್ತಾಳಲ್ಲ, ಅದರ ಮೇಲೆ ಎಲ್ಲಕ್ಕಿಂತ ಹೆಚ್ಚು.

ಮನೆಯಲ್ಲಿ ಪಾತ್ರೆ ಕುಕ್ಕಿದ ಸದ್ದಿಗೆ ಅತ್ತೆ ಅಡುಗೆಮನೆಗೆ ಬಂದರು. ಗಣಿತದ ಟೀಚರಾಗಿ ನಿವೃತ್ತರಾದವರು, ಸದ್ದಿನಲ್ಲೇ ಲೆಕ್ಕ ಬಿಡಿಸುತ್ತಾರೆ. ವಿಷಯ ಕೇಳಿ ನಕ್ಕು, ಅತ್ತೆಗೊಂದು ಕಾಲ ಸೊಸೆಗೊಂದು ಕಾಲ, ನಾನು ಅನುಭವಿಸಿದ್ದೇನೆ, ಈಗ ನಿನ್ನ ಸರದಿ ಎಂದರು. ನನ್ನ ಗಂಡ ಪೇಪರಿನ ಹಿಂದಿನಿಂದಲೇ, ಪಾತ್ರೆ ಏನು ತಪ್ಪು ಮಾಡಿದೆ ಎಂದರು. ಇಬ್ಬರಿಗೂ ತಮಾಷೆ.

ಸೆಪ್ಟೆಂಬರ್ 16, ಸೋಮವಾರ

ತಿಂಗಳ ಕೊನೆಯ ಶುಕ್ರವಾರ ಆಸ್ಪತ್ರೆಯ ಸಭೆ ನಡೆಯುತ್ತದೆ. ಎಲ್ಲ ವಿಭಾಗದವರೂ ಬರುತ್ತಾರೆ, ಒಬ್ಬರು ಒಂದು ಕೇಸಿನ ಬಗ್ಗೆ ಮಾತಾಡುತ್ತಾರೆ. ಈ ಸಲ ಚುರುಕಮ್ಮ ಮಾತಾಡಬೇಕಂತೆ, ಟೈಲರ ಬಗ್ಗೆ. ಫಾರ್ಮಸಿಯವರಿಗೆ ಆ ವೇದಿಕೆ ಸಿಗುತ್ತಿರುವುದು ಇದೇ ಮೊದಲು. ನಾನು ಮೂರು ಸಲ ಅರ್ಜಿ ಕೊಟ್ಟಿದ್ದೆ, ನೋಡೋಣ ಎಂಬ ಉತ್ತರ ಬಂದಿತ್ತು. ಇನ್ನೂ ನೋಡುತ್ತಲೇ ಇದ್ದಾರೆ.

ಅದಿರಲಿ. ಇವತ್ತು ರೌಂಡ್ಸಿನಲ್ಲಿ ದೊಡ್ಡ ಡಾಕ್ಟರು ಅವಳನ್ನು ತಮ್ಮ ಪಕ್ಕಕ್ಕೆ, ತಲೆಯ ಕಡೆಗೆ ಕರೆದರು. ಅವಳು ನನ್ನ ಮುಖ ನೋಡಿದಳು. ಹೋಗು ಎಂದು ಕಣ್ಣಲ್ಲೇ ಹೇಳಿದೆ, ಇನ್ನೇನು ಹೇಳಲಿ. ಕಾಲ ಕಡೆ ನಾನು, ಆಕಳಿಕೆ ಮತ್ತು ಗೋಡೆ ಉಳಿದೆವು. ಒರಗಲು ಗೋಡೆ ಸಿಗದೆ ಗೋಡೆ ಮಂಚಕ್ಕೆ ಒರಗಿದ. ನನಗೂ ಎಲ್ಲಾದರೂ ಒರಗಬೇಕು ಅನಿಸಿತು.

ಸೆಪ್ಟೆಂಬರ್ 20, ಶುಕ್ರವಾರ

ಟೈಲರ ನಳಿಕೆ ತೆಗೆದರು. ಊಟ, ಔಷಧಿ ಎರಡನ್ನೂ ಚಮಚದಲ್ಲಿ ಕೊಟ್ಟರೆ ನುಂಗುತ್ತಿದ್ದಾರೆ. ಹೆಂಡತಿಯ ಮುಖ ನೋಡಬೇಕಿತ್ತು.

ಚುರುಕಮ್ಮ ವಾರ್ಡಿನಲ್ಲಿರಲಿಲ್ಲ, ದೊಡ್ಡ ಡಾಕ್ಟರ ಕೋಣೆಯಲ್ಲಿ ಸಭೆಗೆ ತಯಾರಿ. ಬೆಳಿಗ್ಗೆಯೇ ಬಂದು, ಇವತ್ತು ಟೈಲರನ್ನು ನೀವು ಒಂದು ಸಲ ನೋಡುತ್ತೀರಾ ಮೇಡಮ್ ಎಂದು ಕೇಳಿದ್ದಳು. ನೋಡುತ್ತೇನೆ ಎಂದಿದ್ದೆ.

ನೋಡಿದೆ. ನೋಡಿ ಎಂದಿದ್ದಳು, ನೋಡಿದೆ.

ಸೆಪ್ಟೆಂಬರ್ 21, ಶನಿವಾರ

ರಜೆ. ಮನೆಯ ಪರದೆಗಳನ್ನೆಲ್ಲ ಒಗೆದೆ. ಮಧ್ಯಾಹ್ನದ ಹೊತ್ತಿಗೆ ಒಣಗಿದವು.

ಅವಳ ರೋಗಿ. ಅವಳೇ ಕಂಡುಹಿಡಿಯಬೇಕು. ಎಲ್ಲವನ್ನೂ ಬಾಯಿಗಿಟ್ಟರೆ ಕಲಿಯುವುದು ಯಾವಾಗ? ನನಗೆ ಯಾರು ಬಾಯಿಗಿಟ್ಟರು?

ಸೆಪ್ಟೆಂಬರ್ 23, ಸೋಮವಾರ

ಬೆಳಿಗ್ಗೆ ಅವಳು ವಾರ್ಡಿಗೆ ಬಂದಳು. ಟೈಲರ ಮೂಗಿನಲ್ಲಿ ನಳಿಕೆ ಇಲ್ಲದ್ದು ನೋಡಿ ಕುಣಿದಾಡುವುದೊಂದು ಬಾಕಿ. ಅವರ ಹೆಂಡತಿಯ ಕೈ ಹಿಡಿದುಕೊಂಡಳು. ನಾನು ಔಷಧಿ ಗಾಡಿಯ ಬಳಿ ನಿಂತು ನೋಡುತ್ತಿದ್ದೆ. ಈಗ ಹೊಳೆಯುತ್ತದೆ, ಈಗ ಹೊಳೆಯುತ್ತದೆ ಎಂದು ಕಾದೆ. ಔಷಧಿಯ ಹಾಳೆ ತೆರೆದಳು, ಏರಿಸಿದ ಪ್ರಮಾಣದ ಮೇಲೆಯೇ ಕಣ್ಣು ಹಾಯಿಸಿದಳು, ಮುಚ್ಚಿದಳು. ಖುಷಿಯಲ್ಲಿ ಲೆಕ್ಕ ತಪ್ಪಿತು. ಏರಿಸುವುದು ಎಲ್ಲರಿಗೂ ನೆನಪಿರುತ್ತದೆ, ಇಳಿಸುವುದೇ ಮರೆತುಹೋಗುವುದು. ನಮ್ಮ ಕೆಲಸದಲ್ಲಿ ಹೊಸಬರು ಮಾಡುವ ತಪ್ಪೇ ಇದು.

ಹೇಳಿಬಿಡೋಣ ಅನಿಸಿತು. ಎರಡು ಹೆಜ್ಜೆ ಹೋದೆ ಕೂಡ. ಅಷ್ಟರಲ್ಲಿ ದೊಡ್ಡ ಡಾಕ್ಟರು ಬಂದು, ಶುಕ್ರವಾರದ ಸಭೆಗೆ ಸೂಪರಿಂಟೆಂಡೆಂಟರೇ ಬರುತ್ತಾರೆ, ಚೆನ್ನಾಗಿ ಮಾಡಮ್ಮ ಎಂದು ಅವಳ ಬೆನ್ನು ತಟ್ಟಿದರು. ನಾನು ಗಾಡಿಯ ಬಳಿಗೆ ವಾಪಸು ಬಂದೆ. ನಾಳೆ ಹೇಳಿದರಾಯಿತು. ಟೈಲರು ಚೆನ್ನಾಗಿಯೇ ಇದ್ದಾರೆ. ಸ್ವಲ್ಪ ತೂಕಡಿಸುತ್ತಿದ್ದರು, ಅಷ್ಟೇ.

ಸೆಪ್ಟೆಂಬರ್ 24, ಮಂಗಳವಾರ

ಟೈಲರು ಬಿದ್ದರು.

ನಾನು ವಾರ್ಡಿಗೆ ಕಾಲಿಡುವ ಹೊತ್ತಿಗೆ ಎತ್ತಿ ಮಲಗಿಸಿದ್ದರು. ಬಚ್ಚಲ ಬಾಗಿಲಲ್ಲಿ ಕಾಲು ತೊಡರಿ ಮುಖ ಅಡಿಯಾಗಿ ಬಿದ್ದರಂತೆ. ತುಟಿ ಸೀಳಿದೆ, ಮುಂದಿನ ಹಲ್ಲು ಮುರಿದಿದೆ. ಮಾತು ಕುಡಿದವರ ಮಾತಿನಂತೆ ತೊದಲು, ಕಣ್ಣುಗುಡ್ಡೆ ಅತ್ತಿತ್ತ ತುಯ್ಯುತ್ತಿದೆ. ಮತ್ತೆ ರಕ್ತ ಕಟ್ಟಿದೆಯೋ ಏನೋ ಎಂದು ದೊಡ್ಡ ಡಾಕ್ಟರು ಸ್ಕ್ಯಾನಿಗೆ ಓಡಿಸುತ್ತಿದ್ದರು. ಅವರ ಹೆಂಡತಿ ಮುರಿದ ಹಲ್ಲನ್ನು ಕರವಸ್ತ್ರದಲ್ಲಿ ಸುತ್ತಿ ಹಿಡಿದುಕೊಂಡಿದ್ದರು. ಇದು ದಾರ ಕಡಿಯುವ ಹಲ್ಲು ಎಂದು ಕಂಡ ಕಂಡವರಿಗೆ ಹೇಳುತ್ತಿದ್ದರು.

"ರಕ್ತದಲ್ಲಿ ಔಷಧಿ ಮಟ್ಟ ನೋಡಿ ಸರ್" ಎಂದೆ. ಚೀಟಿ ಬರೆಯಲಿಲ್ಲ, ಗಂಟಲು ಸರಿಮಾಡಿಕೊಳ್ಳಲಿಲ್ಲ. ಇಡೀ ವಾರ್ಡು ತಿರುಗಿ ನೋಡಿತು. "ನಳಿಕೆ ತೆಗೆದಿದ್ದಾರೆ. ಪ್ರಮಾಣ ಇಳಿಸಿಲ್ಲ."

ಹುಡುಗಿ ಔಷಧಿಯ ಹಾಳೆ ಎಳೆದುಕೊಂಡು ತೆರೆದಳು.

ಸೆಪ್ಟೆಂಬರ್ 25, ಬುಧವಾರ

ಸ್ಕ್ಯಾನ್ ಸರಿಯಾಗಿದೆ. ಮಟ್ಟ ಇರಬೇಕಾದ್ದರ ಎರಡರಷ್ಟು. ಔಷಧಿ ನಿಲ್ಲಿಸಿದ್ದಾರೆ. ಇಳಿದ ಮೇಲೆ ಹಳೆಯ ಪ್ರಮಾಣ.

ರೌಂಡ್ಸಿನಲ್ಲಿ ದೊಡ್ಡ ಡಾಕ್ಟರು ಈ ರೋಗಿಯನ್ನು ನೋಡಿಕೊಳ್ಳುತ್ತಿದ್ದುದು ಯಾರು ಎಂದು ಕೇಳಿದರು. ಹುಡುಗಿ ಮುಂದೆ ಬಂದಳು.

"ನಾನು ಸರ್. ನಳಿಕೆ ಇಲ್ಲದ್ದನ್ನ ನೋಡಿದೆ, ಪ್ರಮಾಣ ಇಳಿಸ್ಬೇಕು ಅಂತ ಹೊಳೀಲಿಲ್ಲ. ತಪ್ಪು ನಂದು."

ಶುಕ್ರವಾರ ನನಗೆ ವಹಿಸಿ ಹೋಗಿದ್ದನ್ನು ಬಾಯಿಬಿಡಲಿಲ್ಲ. ನಾನೂ ಬಾಯಿಬಿಡಲಿಲ್ಲ. ದೊಡ್ಡ ಡಾಕ್ಟರು ನನ್ನ ಕಡೆ ತಿರುಗಿ, ಎಷ್ಟೇ ಆಗಲಿ ಅನುಭವ ಅನುಭವವೇ, ನೀವಿಲ್ಲದಿದ್ದರೆ ನಾನು ಇನ್ನೂ ತಲೆಯೊಳಗೇ ಹುಡುಕುತ್ತಿದ್ದೆ ಎಂದರು. ಬನ್ನಿ, ಈ ಕಡೆ ನಿಲ್ಲಿ ಎಂದು ತಮ್ಮ ಪಕ್ಕಕ್ಕೆ ಕರೆದರು. ಇಷ್ಟು ವರ್ಷ ಈ ಮಾತಿಗೇ ಬಾಯಿ ಬಿಟ್ಟುಕೊಂಡು ಕಾದಿದ್ದೆ. ತಲೆಯ ಕಡೆ ಹೋಗಿ ನಿಂತೆ. ಅಲ್ಲಿಂದ ಟೈಲರ ಹೊಲಿಗೆ ಹಾಕಿದ ತುಟಿ ಸರಿಯಾಗಿ ಕಾಣಿಸುತ್ತಿತ್ತು.

ಸೆಪ್ಟೆಂಬರ್ 26, ಗುರುವಾರ

ಹುಡುಗಿ ಔಷಧಿ ಕೋಣೆಯಲ್ಲಿ ಒಬ್ಬಳೇ ಕೂತಿದ್ದಳು. ನಾಳೆಯ ಸಭೆಗೆ ಹೋಗುವುದಿಲ್ಲ ಎನ್ನುತ್ತಾಳೆ ಎಂದುಕೊಂಡಿದ್ದೆ. ಹೋಗುತ್ತಾಳಂತೆ, ನಡೆದದ್ದನ್ನು ಪೂರ್ತಿ ಹೇಳುತ್ತಾಳಂತೆ. ಶುಕ್ರವಾರ ನನಗೆ ವಹಿಸಿದ್ದನ್ನು ಏಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳಬಾರದಿತ್ತು.

"ನಿಮಗೆ ಅವತ್ತು ಎಷ್ಟು ಕೆಲಸ ಇತ್ತು ಮೇಡಮ್. ಮರ್ತಿರ್ತೀರಿ. ಯಾರಿಗಾದ್ರೂ ಆಗತ್ತೆ."

ಮರೆತಿರುತ್ತೇನಂತೆ! ಹದಿನಾಲ್ಕು ಹಾಸಿಗೆಯ ಔಷಧಿಗಳನ್ನು ಹಾಳೆ ನೋಡದೆ ಹೇಳುವ ನಾನು ಮರೆತಿರುತ್ತೇನಂತೆ. ಮೈಯೆಲ್ಲ ಉರಿದುಹೋಯಿತು. ನನ್ನ ಮೇಲೆ ಕರುಣೆ ತೋರಿಸುತ್ತಿದ್ದಾಳೆ, ಅದೂ ನಾನು ಮಾಡದ ತಪ್ಪಿಗೆ. ನಾನು ಮಾಡಿದ್ದು ಬೇರೆ. ಅದನ್ನು ಊಹಿಸುವುದಕ್ಕೂ ಆ ಹುಡುಗಿಗೆ ಬರಲಿಲ್ಲ.

ಊಟ ಸೇರಲಿಲ್ಲ.

ಸೆಪ್ಟೆಂಬರ್ 27, ಶುಕ್ರವಾರ

ಸಭಾಂಗಣ ತುಂಬಿತ್ತು. ನಾನು ಹಿಂದಿನ ಸಾಲಿನಲ್ಲಿ, ಗೋಡೆ ಮತ್ತು ಆಕಳಿಕೆಯ ನಡುವೆ. ಆಕಳಿಕೆ ಇವತ್ತು ಒಮ್ಮೆಯೂ ಆಕಳಿಸಲಿಲ್ಲ.

ಹುಡುಗಿ ಚೆನ್ನಾಗಿ ಮಾತಾಡಿದಳು. ಮೊದಲ ಅರ್ಧದಲ್ಲಿ ಹೆಜ್ಜೆಹೆಜ್ಜೆಗೂ, ಇದನ್ನು ಕಂಡುಹಿಡಿದಿದ್ದು ನಮ್ಮ ಮೇಡಮ್ ಎಂದಳು. ಈ ಸಲ ಯಾರ ಫೋನೂ ಹೊಡೆದುಕೊಳ್ಳಲಿಲ್ಲ, ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಆಮೇಲೆ ನಳಿಕೆ ತೆಗೆದ ವಿಷಯಕ್ಕೆ ಬಂದಳು. ಪ್ರಮಾಣ ಇಳಿಸಬೇಕಿತ್ತು, ಇಳಿಸಲಿಲ್ಲ, ಒಬ್ಬ ಮನುಷ್ಯ ಬಿದ್ದು ಹಲ್ಲು ಮುರಿದುಕೊಂಡ, ನೋಡಿಕೊಳ್ಳಬೇಕಾಗಿದ್ದವಳು ನಾನು ಎಂದಳು. ಇಡೀ ಸಭೆ ಕೇಳುತ್ತಿತ್ತು. ಸೂಪರಿಂಟೆಂಡೆಂಟರು ತಲೆದೂಗುತ್ತಿದ್ದರು.

ನನಗೆ ಆಗ ಏನಾಯಿತು ಎಂದು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಪಶ್ಚಾತ್ತಾಪವಲ್ಲ. ಹೊಟ್ಟೆಕಿಚ್ಚು. ತನ್ನ ತಪ್ಪನ್ನು ನೂರು ಜನರ ಮುಂದೆ ನೆಟ್ಟಗೆ ನಿಂತು ಹೇಳಲು ಅವಳಿಗೆ ಬರುತ್ತದೆ, ನನಗೆ ಬರುವುದಿಲ್ಲ. ದನಿ ಅವಳದು, ಮಂಡಿ ಅವಳದು, ಧೈರ್ಯ ಅವಳದು. ಈಗ ಸತ್ಯವೂ ಅವಳದೇ ಆಗಬೇಕೇ? ಅಷ್ಟನ್ನೂ ಅವಳೊಬ್ಬಳಿಗೇ ಬಿಟ್ಟುಕೊಡಲು ನನ್ನಿಂದಾಗಲಿಲ್ಲ. ಎದ್ದು ನಿಂತೆ.

"ಅವಳು ಆ ಶುಕ್ರವಾರ ರೋಗಿಯನ್ನ ನನಗೆ ವಹಿಸಿದ್ದಳು. ನಳಿಕೆ ತೆಗೆದದ್ದು ಅವತ್ತೇ ನೋಡಿದೆ. ಪ್ರಮಾಣ ಇಳಿಸ್ಬೇಕು ಅಂತ ಅವತ್ತೇ ಗೊತ್ತಿತ್ತು. ಹೇಳ್ಲಿಲ್ಲ."

ಏಕೆ ಎಂದು ಸೂಪರಿಂಟೆಂಡೆಂಟರು ಕೇಳಿದರು. ಅವಳಿಗೆ ಹೊಳೆಯುತ್ತದೋ ಇಲ್ಲವೋ ನೋಡಲು ಎಂದೆ. ಅದು ಅರ್ಧ ಸತ್ಯ. ಉಳಿದರ್ಧ ಬಾಯಿಗೆ ಬರಲಿಲ್ಲ. ವೇದಿಕೆಯ ಮೇಲೆ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ನಾನು ಮಾತು ಮುಗಿಸುವ ಮೊದಲೇ ತಲೆಯಾಡಿಸುವವಳು, ಇವತ್ತು ತಲೆಯಾಡಿಸಲಿಲ್ಲ.

ಸೆಪ್ಟೆಂಬರ್ 28, ಶನಿವಾರ

ವಿಚಾರಣೆ ಮುಗಿಯುವವರೆಗೆ ನಾನು ರೌಂಡ್ಸಿಗೆ ಹೋಗುವಂತಿಲ್ಲ. ಸೋಮವಾರದಿಂದ ಕೆಳಗೆ, ಕಿಟಕಿಯ ಹಿಂದೆ. ನಿನ್ನೆ ಸಭೆ ಮುಗಿದ ಮೇಲೆ ದೊಡ್ಡ ಡಾಕ್ಟರು ಕಾರಿಡಾರಿನಲ್ಲಿ ಎದುರಾದಾಗ ಗೋಡೆಯ ಮೇಲಿನ ಗಡಿಯಾರ ನೋಡಿದರು.

ಅತ್ತೆಗೆ ಎಲ್ಲವನ್ನೂ ಹೇಳಿದೆ. ಬೈಯಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಬಹಳ ಹೊತ್ತು ಒರೆಸಿದರು.

"ಕಂಡವರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡಿದ ಹಾಗಾಯ್ತಲ್ಲೇ" ಎಂದರು. ಸಭೆಯಲ್ಲಿ ಎಲ್ಲರೆದುರು ಒಪ್ಪಿಕೊಂಡೆನಲ್ಲ ಎಂದೆ. "ಒಪ್ಕೊಂಡೆ, ಸರಿ. ಬಿದ್ದವನಿಗೆ ಹೇಳಿದ್ಯಾ?"

ಹೇಳಿರಲಿಲ್ಲ. ಹೇಳಬೇಕೆಂದು ಹೊಳೆದೂ ಇರಲಿಲ್ಲ. ಸಭಾಂಗಣದಲ್ಲಿ ನೂರು ಜನರಿದ್ದರು, ಅವರಿಬ್ಬರು ಇರಲಿಲ್ಲ.

ಸೆಪ್ಟೆಂಬರ್ 30, ಸೋಮವಾರ

ಕಿಟಕಿಯ ಕೆಲಸ ಮುಗಿಸಿ ಮಧ್ಯಾಹ್ನ ವಾರ್ಡಿಗೆ ಹೋದೆ. ಬರಬಾರದು ಎನ್ನುತ್ತಾರೇನೋ ಎಂದು ಹೆಡ್ ನರ್ಸ್ ಕಡೆ ನೋಡಿದೆ. ಅವರು ತಮ್ಮ ಕೆಲಸ ಮಾಡಿಕೊಂಡಿದ್ದರು.

ಟೈಲರು ದಿಂಬಿಗೆ ಒರಗಿ ಕೂತಿದ್ದರು. ಕಣ್ಣು ನೆಟ್ಟಗಾಗಿದೆ, ಮಾತು ಸ್ಪಷ್ಟವಾಗಿದೆ, ಹಲ್ಲಿನ ಸಂದಿಯಲ್ಲಿ ಗಾಳಿ ಸೋರುತ್ತದೆ ಅಷ್ಟೆ. ಹೆಂಡತಿ ನನ್ನನ್ನು ನೋಡಿ ಸ್ಟೂಲು ಬಿಟ್ಟುಕೊಡಲು ಹೋದರು. ಬೇಡ ಎಂದು ನೆಲದ ಮೇಲೆ ಕೂತೆ. ಮಂಡಿ ಎರಡೂ ಕಟಕಟ ಎಂದವು. ನಳಿಕೆ ತೆಗೆದ ದಿನದಿಂದ ಶುರುಮಾಡಿ ಇಬ್ಬರಿಗೂ ಕೇಳುವ ಹಾಗೆ ಎಲ್ಲ ಹೇಳಿದೆ. ಹೇಳಿ ಮುಗಿಸಿದ ಮೇಲೂ ಆಕೆಗೆ ಪೂರ್ತಿ ಅರ್ಥವಾಗಲಿಲ್ಲ, ಅಥವಾ ನಂಬಿಕೆ ಬರಲಿಲ್ಲ.

"ಇವ್ರು ಬೀಳೋಕೆ ಮುಂಚೆನೇ ನಿಮಗೆ ಗೊತ್ತಿತ್ತಾ?"

ಗೊತ್ತಿತ್ತು ಎಂದೆ.

"ಮತ್ತೆ ಯಾಕಮ್ಮ ಹೇಳ್ಲಿಲ್ಲ?"

"ಹೊಟ್ಟೆಕಿಚ್ಚಮ್ಮ" ಎಂದೆ. "ಆ ಹುಡುಗಿಯನ್ನ ಎಲ್ಲರೂ ಹೊಗಳ್ತಿದ್ರು. ಅವಳು ಒಂದ್ಸಲ ತಪ್ಪಲಿ ಅಂತ ಇತ್ತು ನನಗೆ."

ಟೈಲರು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ಆಕೆ ಅಳುತ್ತಾರೆ, ಇಲ್ಲವೇ ಕೂಗಾಡುತ್ತಾರೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ.

"ಹೊಟ್ಟೆಕಿಚ್ಚು ಆ ಮಗು ಮೇಲೆ. ಹಲ್ಲು ಹೋಗಿದ್ದು ನಮ್ಮನೆಯವರದ್ದು" ಎಂದರು, ಲೆಕ್ಕ ಸರಿಯೇ ಎಂದು ನನ್ನನ್ನೇ ಕೇಳುವವರ ಹಾಗೆ.

ಕ್ಷಮಿಸಿ ಎಂದೆ. ಆಕೆ ಟೈಲರ ಹೊದಿಕೆಯ ಅಂಚನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು.

"ನಾಳೆ ಮನೆಗೆ ಕಳಿಸ್ತಾರಂತೆ. ಮಾತ್ರೆ ಎಷ್ಟು, ಹ್ಯಾಗೆ ಅಂತ ನಾನೀಗ ಯಾರನ್ನ ಕೇಳ್ಲಿ?"

ಈ ವಾರ್ಡಿನಲ್ಲಿ ಆ ಪ್ರಶ್ನೆಗೆ ಉತ್ತರ ಹೇಳುವವಳು ನಾನು. ಇಷ್ಟು ವರ್ಷ ನಿಂತು ಸಂಪಾದಿಸಿದ್ದು ಅದನ್ನೇ. ಉತ್ತರ ನಾಲಿಗೆಯ ಮೇಲೆ ಬಂದು ಕೂತಿತ್ತು. ಆಚೆ ಸಾಲಿನ ಹಾಸಿಗೆಯ ಬಳಿ ಹುಡುಗಿ ಯಾರಿಗೋ ಇನ್ಹೇಲರ್ ಹಿಡಿಯುವುದನ್ನು ತೋರಿಸುತ್ತಿದ್ದಳು.

"ಅವಳನ್ನ ಕೇಳಿ. ಅವಳಿಗೆ ಸರಿಯಾಗಿ ಗೊತ್ತಿದೆ" ಎಂದೆ.

ಆಕೆ ಕೈಬೀಸಿ ಕರೆದರು. ನಮ್ಮ ಹುಡುಗಿ ಬಂದಳು. ನನ್ನನ್ನು ನೋಡಿ ಒಂದು ಗಳಿಗೆ ನಿಂತಳು, ಆಮೇಲೆ ಹಾಸಿಗೆಯ ಇನ್ನೊಂದು ಬದಿಯಲ್ಲಿ ನೆಲದ ಮೇಲೆ ಕೂತು ಮಾತ್ರೆಯ ಪಟ್ಟಿ ಬಿಡಿಸಿ ಹೇಳತೊಡಗಿದಳು. ಬೆಳಿಗ್ಗೆ ಎಷ್ಟು, ಸಂಜೆ ಎಷ್ಟು, ತಲೆ ತಿರುಗಿದರೆ, ಮಾತು ತೊದಲಿದರೆ ತಕ್ಷಣ ಏನು ಮಾಡಬೇಕು. ಬೆನ್ನುನೋವಿಗೆ ಅಂಗಡಿಯ ಮಾತ್ರೆ ಮುಟ್ಟಬಾರದು ಎಂದು ಎರಡು ಸಲ ಹೇಳಿದಳು. ನಾನು ಕೊನೆಯವರೆಗೂ ಕೇಳಿಸಿಕೊಂಡೆ. ತಿದ್ದುವಂಥದ್ದು ಒಂದೂ ಇರಲಿಲ್ಲ.